ಅಡ್ಡ ಹಾಯುವ ಗುರಿಯ ವೇಗ: ಎರಡು ಆಂಟೆನಾಗಳ ರಾಡಾರ್ ಚಲನೆಯನ್ನು ಅಳೆಯುವ ಬಗೆ

ತುಮಕೂರಿನ ಕ್ಯಾತ್ಸಂದ್ರದ ಬಳಿ, ರಾಷ್ಟ್ರೀಯ ಹೆದ್ದಾರಿ 48ರ ಅಂಚಿನಲ್ಲಿ, ವೇಗ ಅಳೆಯುವ ರಾಡಾರ್ ಒಂದನ್ನು ಇಟ್ಟಿದ್ದೇವೆ ಎಂದುಕೊಳ್ಳೋಣ. ಬೆಂಗಳೂರಿನ ಕಡೆಯಿಂದ ನೇರವಾಗಿ ಅದರತ್ತ ಬರುವ ಲಾರಿಯ ವೇಗವನ್ನು ಅದು ಕ್ಷಣಾರ್ಧದಲ್ಲಿ ಸರಿಯಾಗಿ ಹೇಳುತ್ತದೆ. ಅದೇ ರಾಡಾರನ್ನು ರಸ್ತೆಗೆ ಲಂಬವಾಗಿ ತಿರುಗಿಸಿಟ್ಟರೆ, ಅದೇ ಲಾರಿ ಅದೇ ವೇಗದಲ್ಲಿ ಹಾದು ಹೋದರೂ, ಸರಿಯಾಗಿ ಎದುರಿಗೆ ಬಂದ ಗಳಿಗೆಯಲ್ಲಿ ಉಪಕರಣ ತೋರಿಸುವ ವೇಗ ಸೊನ್ನೆ. ಉಪಕರಣದಲ್ಲಿ ದೋಷವಿಲ್ಲ. ಅದು ಅಳೆಯುವುದು ಲಾರಿಯ ವೇಗವನ್ನಲ್ಲ. ತನಗೂ ಲಾರಿಗೂ ನಡುವಿನ ದೂರ ಎಷ್ಟು ಬೇಗ ಬದಲಾಗುತ್ತಿದೆ ಎಂಬುದನ್ನು ಮಾತ್ರ.

ಇದರ ಕಾರಣ ಡಾಪ್ಲರ್ ಪರಿಣಾಮದಲ್ಲೇ ಇದೆ. ಗುರಿ ರಾಡಾರ್‌ನತ್ತ ಬರುತ್ತಿದ್ದರೆ ಅಲೆ ಹೋಗಿ ಬರುವ ದಾರಿ ಕಿರಿದಾಗುತ್ತಾ ಹೋಗುತ್ತದೆ. ಆದ್ದರಿಂದ ಮರಳಿ ಬರುವ ಅಲೆಯ ಆವೃತ್ತಿ, ಅಂದರೆ ಅದು ಸೆಕೆಂಡಿಗೆ ಎಷ್ಟು ಬಾರಿ ಏರಿಳಿಯುತ್ತದೆ ಎಂಬ ಲೆಕ್ಕ, ಕಳಿಸಿದ ಅಲೆಯದಕ್ಕಿಂತ ತುಸು ಹೆಚ್ಚಿರುತ್ತದೆ. ದೂರ ಸರಿಯುತ್ತಿದ್ದರೆ ತುಸು ಕಡಿಮೆಯಿರುತ್ತದೆ. 24.15 ಗಿಗಾಹರ್ಟ್ಸ್ ಆವೃತ್ತಿಯ ರಾಡಾರ್‌ಗೆ, ಗಂಟೆಗೆ 72 ಕಿಲೋಮೀಟರ್, ಅಂದರೆ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಎದುರು ಬರುವ ಲಾರಿಯಿಂದ ಸಿಗುವ ವ್ಯತ್ಯಾಸ ಸುಮಾರು 3,220 ಹರ್ಟ್ಸ್. ಲಾರಿ ಸಾಗುವ ದಿಕ್ಕಿಗೂ ರಾಡಾರ್ ನೋಡುವ ದಿಕ್ಕಿಗೂ 60 ಡಿಗ್ರಿ ಕೋನವಿದ್ದರೆ ಅದು ಅರ್ಧಕ್ಕೆ, ಅಂದರೆ 1,610 ಹರ್ಟ್ಸ್‌ಗೆ ಇಳಿಯುತ್ತದೆ. ಕೋನ 90 ಡಿಗ್ರಿಯಾದಾಗ ಏನೂ ಉಳಿಯುವುದಿಲ್ಲ.

ಹೆದ್ದಾರಿಯಲ್ಲಿ ಇದರಿಂದ ದೊಡ್ಡ ತೊಂದರೆಯಿಲ್ಲ, ಏಕೆಂದರೆ ರಾಡಾರನ್ನು ಎಲ್ಲಿಟ್ಟು ಯಾವ ಕಡೆಗೆ ತಿರುಗಿಸಬೇಕು ಎಂಬುದು ನಮ್ಮ ಕೈಯಲ್ಲಿದೆ. ಆದರೆ ಚಲಿಸುವ ಕಾರಿನ ಮುಂದೆ ರಸ್ತೆ ದಾಟುವ ಮನುಷ್ಯ, ಕೂಡು ರಸ್ತೆಯಲ್ಲಿ ಪಕ್ಕದಿಂದ ನುಗ್ಗುವ ಬೈಕು, ಆಕಾಶದಲ್ಲಿ ಅಡ್ಡಲಾಗಿ ಹಾರುವ ಡ್ರೋನ್ ಇವೆಲ್ಲ ಡಾಪ್ಲರ್‌ಗೆ ಹೆಚ್ಚುಕಡಿಮೆ ನಿಂತಂತೆಯೇ ಕಾಣುತ್ತವೆ. ಹೆಚ್ಚು ಎಚ್ಚರ ಬೇಕಾದ ಚಲನೆಯೇ ಕಾಣದೆ ಹೋಗುವುದು ಸಣ್ಣ ಕೊರತೆಯಲ್ಲ. ಗುರಿಯ ದಿಕ್ಕನ್ನು ಮತ್ತೆ ಮತ್ತೆ ಅಳೆದು, ಒಂದರಿಂದ ಇನ್ನೊಂದನ್ನು ಕಳೆದು ಅಡ್ಡ ವೇಗವನ್ನು ಲೆಕ್ಕ ಹಾಕಬಹುದು ಎಂಬುದು ನಿಜ. ಆದರೆ 30 ಸೆಂಟಿಮೀಟರ್ ಅಗಲದ ಆಂಟೆನಾ ಈ ಆವೃತ್ತಿಯಲ್ಲಿ ಕಳಿಸುವ ಕಿರಣದ ಹರವು ಎರಡು ಡಿಗ್ರಿಗಿಂತ ಹೆಚ್ಚು; 50 ಮೀಟರ್ ದೂರದಲ್ಲಿ ಅದು ಸುಮಾರು 2 ಮೀಟರ್ ಅಗಲವಾಗುತ್ತದೆ. ಅಷ್ಟು ಮಸುಕಾದ ಎರಡು ಅಳತೆಗಳನ್ನು ಕಳೆದಾಗ ತಪ್ಪುಗಳು ಕೂಡಿಕೊಂಡು ಬೆಳೆಯುತ್ತವೆ. ಅಡ್ಡ ಚಲನೆಯನ್ನು ನೇರವಾಗಿಯೇ ಒಂದು ಆವೃತ್ತಿಯ ರೂಪದಲ್ಲಿ ಓದುವ ದಾರಿ ಇದ್ದರೆ ಒಳ್ಳೆಯದು. ಆ ದಾರಿಯೇ ಇಂಟರ್‌ಫೆರೋಮೆಟ್ರಿ.

ಇದು ಕೆಲಸ ಮಾಡುವುದು ಅಲೆಯ ಫೇಸ್ ಅನ್ನು ಆಧರಿಸಿ. ಕೋಲಾರ, ಚಿಕ್ಕಬಳ್ಳಾಪುರದ ಕೊಳವೆಬಾವಿಗಳಿಗೆ ಬೇಕಾದ ತ್ರೀ ಫೇಸ್ ಕರೆಂಟಿನಲ್ಲಿ ಮೂರು ತಂತಿಗಳಲ್ಲೂ ಇರುವುದು ಸೆಕೆಂಡಿಗೆ 50 ಬಾರಿ ಏರಿಳಿಯುವ ಒಂದೇ ಬಗೆಯ ವಿದ್ಯುತ್ತು, ಮೂರರ ಬಲವೂ ಒಂದೇ. ವ್ಯತ್ಯಾಸ ಇಷ್ಟೇ: ಒಂದು ತಂತಿಯಲ್ಲಿ ಏರಿಕೆ ತುದಿ ಮುಟ್ಟಿದಾಗ ಉಳಿದೆರಡು ತಮ್ಮ ಸುತ್ತಿನ ಬೇರೆ ಹಂತಗಳಲ್ಲಿರುತ್ತವೆ, ಒಂದಕ್ಕೊಂದು ಮೂರನೇ ಒಂದು ಸುತ್ತಿನಷ್ಟು ಹಿಂದೆ. ಪಂಪಿನ ಮೋಟಾರು ತಿರುಗುವುದೇ ಈ ವ್ಯತ್ಯಾಸದಿಂದ. ರೇಡಿಯೋ ಅಲೆಯ ಫೇಸ್ ಕೂಡ ಹೀಗೆಯೇ, ಸುತ್ತಿನ ಯಾವ ಹಂತದಲ್ಲಿ ಅಲೆ ಇದೆ ಎಂಬುದನ್ನು ಹೇಳುತ್ತದೆ. ಒಂದು ಪೂರ್ಣ ಸುತ್ತು 360 ಡಿಗ್ರಿ. 24.15 ಗಿಗಾಹರ್ಟ್ಸ್‌ನಲ್ಲಿ ಒಂದು ಸುತ್ತು ಎಂದರೆ 1.24 ಸೆಂಟಿಮೀಟರ್ ದಾರಿ, ಇದೇ ಆ ಅಲೆಯ ತರಂಗಾಂತರ. ಫೇಸ್ ಅನ್ನು 5 ಡಿಗ್ರಿಯಷ್ಟು ಸರಿಯಾಗಿ ಓದಬಲ್ಲ ಉಪಕರಣ ಆ ದಾರಿಯಲ್ಲಿ ಆಗುವ 0.17 ಮಿಲಿಮೀಟರ್ ಬದಲಾವಣೆಯನ್ನೂ ಹಿಡಿಯಬಲ್ಲದು. ಪ್ರತಿಧ್ವನಿ ಮರಳುವ ಹೊತ್ತನ್ನು ಅಳೆದು ಇಂಥ ಸೂಕ್ಷ್ಮತೆಗೆ ತಲುಪುವುದು ಬಹಳ ಕಷ್ಟ.

ಡಾಪ್ಲರ್ ವ್ಯತ್ಯಾಸ ಕೂಡ ಫೇಸ್ ಬದಲಾವಣೆಯೇ. ಒಂದೇ ಆಂಟೆನಾದಲ್ಲಿ ಈ ಗಳಿಗೆಯ ಫೇಸ್ ಅನ್ನು ಮುಂದಿನ ಗಳಿಗೆಯದರೊಂದಿಗೆ ಹೋಲಿಸಿದಾಗ ಸಿಗುವುದು ಡಾಪ್ಲರ್. ಒಂದೇ ಗಳಿಗೆಯಲ್ಲಿ ಎರಡು ಬೇರೆ ಜಾಗಗಳ ಆಂಟೆನಾಗಳ ಫೇಸ್‌ಗಳನ್ನು ಹೋಲಿಸಿದಾಗ ಸಿಗುವುದು ದಿಕ್ಕು. ಈ ಎರಡನೆಯ ಹೋಲಿಕೆ ಹೊತ್ತಿನೊಂದಿಗೆ ಹೇಗೆ ಬದಲಾಗುತ್ತದೆ ಎಂದು ನೋಡಿದರೆ ಸಿಗುವುದು ದಿಕ್ಕು ಬದಲಾಗುವ ವೇಗ, ಅಂದರೆ ಕೋನೀಯ ವೇಗ. ನಮಗೆ ಬೇಕಾದದ್ದು ಇದು.

ಈಗ ಕ್ಯಾತ್ಸಂದ್ರದ ರಾಡಾರ್‌ಗೆ ಮರಳೋಣ. ಅಲೆ ಕಳಿಸುವ ಆಂಟೆನಾ ಒಂದೇ ಇರಲಿ. ಪ್ರತಿಧ್ವನಿ ಹಿಡಿಯಲು, ರಸ್ತೆಗೆ ಸಮಾನಾಂತರವಾಗಿ 1.24 ಮೀಟರ್ ಅಂತರದಲ್ಲಿ, ಅಂದರೆ 100 ತರಂಗಾಂತರಗಳಷ್ಟು ದೂರದಲ್ಲಿ, ಎರಡು ಆಂಟೆನಾಗಳನ್ನು ನಿಲ್ಲಿಸೋಣ. ಲಾರಿ ಸರಿಯಾಗಿ ಎದುರಿಗಿದ್ದಾಗ ಪ್ರತಿಧ್ವನಿ ಎರಡಕ್ಕೂ ಒಟ್ಟಿಗೆ ತಲುಪುತ್ತದೆ. ಲಾರಿ ತುಸು ಪಕ್ಕಕ್ಕೆ ಸರಿದರೆ ಒಂದು ಆಂಟೆನಾಕ್ಕೆ ದಾರಿ ಕಿರಿದಾಗಿ ಇನ್ನೊಂದಕ್ಕೆ ಉದ್ದವಾಗುತ್ತದೆ. ದಾರಿಗಳ ಅಂತರ ಒಂದು ತರಂಗಾಂತರದಷ್ಟಾದಾಗ ಎರಡು ಅಲೆಗಳು ಮತ್ತೆ ಹೊಂದಿಕೊಳ್ಳುತ್ತವೆ. ಎರಡು ಆಂಟೆನಾಗಳ ಸಂಕೇತಗಳನ್ನು ಒಂದರೊಡನೊಂದು ಗುಣಿಸಿದರೆ, ಲಾರಿ ಸರಿದಂತೆಲ್ಲ ಗುಣಲಬ್ಧ ಏರುತ್ತಾ ಇಳಿಯುತ್ತಾ ಹೋಗುತ್ತದೆ. ರಾಡಾರ್‌ನ ಮುಂದಿನ ಜಾಗದಲ್ಲೆಲ್ಲ ಕಣ್ಣಿಗೆ ಕಾಣದ ಪಟ್ಟೆಗಳು ಹರಡಿವೆ, ಲಾರಿ ಅವುಗಳನ್ನು ಒಂದೊಂದಾಗಿ ದಾಟುತ್ತಿದೆ ಎಂದು ಇದನ್ನು ಹೇಳಬಹುದು.

ಒಂದು ಪಟ್ಟೆಯ ಕೋನೀಯ ಅಗಲ ಎಂದರೆ ತರಂಗಾಂತರವನ್ನು ಆಂಟೆನಾಗಳ ಅಂತರದಿಂದ ಭಾಗಿಸಿದಷ್ಟು: ಇಲ್ಲಿ ನೂರನೇ ಒಂದು ರೇಡಿಯನ್, ಸುಮಾರು 0.57 ಡಿಗ್ರಿ. 50 ಮೀಟರ್ ದೂರದಲ್ಲಿ ಅದು ಅರ್ಧ ಮೀಟರ್. ಸೆಕೆಂಡಿಗೆ 20 ಮೀಟರ್ ಓಡುವ ಲಾರಿ ಸೆಕೆಂಡಿಗೆ 40 ಪಟ್ಟೆಗಳನ್ನು ದಾಟುತ್ತದೆ, ಗುಣಲಬ್ಧದಲ್ಲಿ 40 ಹರ್ಟ್ಸ್‌ನ ಏರಿಳಿತ ಕಾಣುತ್ತದೆ. ಡಾಪ್ಲರ್ ಸೊನ್ನೆ ಎಂದ ಜಾಗದಲ್ಲೇ ಈ ಆವೃತ್ತಿ ಗರಿಷ್ಠವಾಗಿರುತ್ತದೆ. ಲಾರಿ ನೇರವಾಗಿ ರಾಡಾರ್‌ನತ್ತ ಬಂದರೆ ಎರಡೂ ಆಂಟೆನಾಗಳಿಗೆ ಡಾಪ್ಲರ್ ವ್ಯತ್ಯಾಸ ಒಂದೇ ಇರುವುದರಿಂದ ಗುಣಿಸಿದಾಗ ಅದು ಕಳೆದುಹೋಗುತ್ತದೆ, ಏರಿಳಿತ ಉಳಿಯುವುದಿಲ್ಲ. ಹೀಗೆ ಎರಡು ಅಳತೆಗಳೂ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತವೆ. ದೂರವನ್ನು ಬೇರೆಯಾಗಿ ಅಳೆಯುವುದು ರಾಡಾರ್‌ಗೆ ಹೇಗೂ ಸಾಧ್ಯ. ಕೋನೀಯ ವೇಗವನ್ನು ಆ ದೂರದಿಂದ ಗುಣಿಸಿದರೆ ಅಡ್ಡ ವೇಗ, ಅದಕ್ಕೆ ಡಾಪ್ಲರ್ ಸೇರಿಸಿದರೆ ನೆಲದ ಮೇಲಿನ ವೇಗದ ಪೂರ್ಣ ಚಿತ್ರ.

ಈ ಲೆಕ್ಕ ರಾಡಾರ್‌ನವರಿಗಿಂತ ಮೊದಲೇ ಖಗೋಳ ವಿಜ್ಞಾನಿಗಳಿಗೆ ಗೊತ್ತಿತ್ತು. ಅದನ್ನು ನೋಡಲು ತುಮಕೂರಿನಿಂದ ಬಹಳ ದೂರವೂ ಹೋಗಬೇಕಿಲ್ಲ. ಮೊದಲು ಕೋಲಾರ ಜಿಲ್ಲೆಯಲ್ಲಿದ್ದು, 2007ರಿಂದ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ ಗೌರಿಬಿದನೂರಿನಲ್ಲಿ ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ ಸೇರಿ ಕಟ್ಟಿದ ರೇಡಿಯೋ ದೂರದರ್ಶಕವಿದೆ. ಅದು ಗುಂಡನೆಯ ಬಟ್ಟಲಿನಂಥದ್ದಲ್ಲ. ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ಬಯಲಿನ ಉದ್ದಕ್ಕೂ ಸಾಲಾಗಿ ನಿಂತ ಡೈಪೋಲ್ ಆಂಟೆನಾಗಳ ಸಮೂಹ. ಅದನ್ನು ಕಟ್ಟಿದ್ದು 34.5 ಮೆಗಾಹರ್ಟ್ಸ್ ಆವೃತ್ತಿಯನ್ನು, ಅಂದರೆ 8.7 ಮೀಟರ್ ಉದ್ದದ ಅಲೆಗಳನ್ನು ಕೇಳಲು. ಪೂರ್ವ-ಪಶ್ಚಿಮದ ತೋಳಿನ ಉದ್ದ ಸುಮಾರು 1.4 ಕಿಲೋಮೀಟರ್, ಅಂದರೆ ಹತ್ತಿರ ಹತ್ತಿರ 160 ತರಂಗಾಂತರ. ಆ ತೋಳಿನ ಎರಡು ತುದಿಗಳ ಆಂಟೆನಾಗಳನ್ನಷ್ಟೇ ಜೋಡಿಸಿ, ನೆತ್ತಿಯ ಬಳಿ ಹಾಯುವ ಒಂದು ರೇಡಿಯೋ ಮೂಲವನ್ನು ಆಲಿಸಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕಬಹುದು. ಭೂಮಿ ತಿರುಗುವುದರಿಂದ ಮೂಲ ಪಟ್ಟೆಗಳನ್ನು ದಾಟುತ್ತಾ ಹೋಗುತ್ತದೆ. ಒಂದು ಪಟ್ಟೆಗೆ ಸುಮಾರು ಒಂದೂವರೆ ನಿಮಿಷ ಹಿಡಿಯುತ್ತದೆ. ಕ್ಯಾತ್ಸಂದ್ರದಲ್ಲಿ ಸೆಕೆಂಡಿಗೆ 40 ಪಟ್ಟೆ, ಗೌರಿಬಿದನೂರಿನಲ್ಲಿ ಒಂದೂವರೆ ನಿಮಿಷಕ್ಕೆ ಒಂದು ಪಟ್ಟೆ. ಸೂತ್ರ ಮಾತ್ರ ಒಂದೇ.

ಆದರೆ ಆ ಸೂತ್ರವನ್ನು ಎರಡು ಕಡೆಯವರೂ ವಿರುದ್ಧ ದಿಕ್ಕಿನಿಂದ ಓದುತ್ತಾರೆ. ಭೂಮಿ ತಿರುಗುವ ವೇಗ ಖಗೋಳ ವಿಜ್ಞಾನಿಗೆ ಮೊದಲೇ ಗೊತ್ತು. ಅವನಿಗೆ ಬೇಕಾದದ್ದು ಮೂಲ ಎಲ್ಲಿದೆ, ಹೇಗಿದೆ ಎಂಬ ಮಾಹಿತಿ. ಆದ್ದರಿಂದ ಪಟ್ಟೆಗಳ ಓಟ ಅವನಿಗೆ ಅಡ್ಡಿ. ದೊಡ್ಡ ದೂರದರ್ಶಕ ಜಾಲಗಳಲ್ಲಿ ಆ ಓಟವನ್ನು ಲೆಕ್ಕ ಹಾಕಿ ಮೊದಲೇ ಕಳೆದುಬಿಡುತ್ತಾರೆ. ರಾಡಾರ್‌ನವನಿಗೆ ಗುರಿ ಎಲ್ಲಿದೆ ಎಂಬುದು ಕಿರಣದ ದಿಕ್ಕಿನಿಂದ ಸ್ಥೂಲವಾಗಿ ಗೊತ್ತಿರುತ್ತದೆ. ಅವನಿಗೆ ಬೇಕಾದದ್ದು ಖಗೋಳ ವಿಜ್ಞಾನಿ ಕಳೆದುಹಾಕುವ ಓಟವೇ. ಜೆಫ್ರಿ ನ್ಯಾಂಜರ್ 2010ರಲ್ಲಿ ಮಿಲಿಮೀಟರ್ ಅಲೆಗಳಿಂದ ಕೋನೀಯ ವೇಗ ಅಳೆಯುವ ಕುರಿತು ಪ್ರಕಟಿಸಿದ ಪ್ರಬಂಧ ಈ ಓದನ್ನು ಸ್ಪಷ್ಟವಾಗಿ ಮುಂದಿಟ್ಟಿತು. ಅಷ್ಟು ಹಳೆಯ ತತ್ವ ಇಂಥ ಸರಳ ಉಪಯೋಗಕ್ಕೆ ಬರಲು ಇಷ್ಟು ವರ್ಷ ಬೇಕಾಯಿತು ಎಂಬುದು ನನಗೆ ಇಂದಿಗೂ ಅಚ್ಚರಿಯ ವಿಷಯ.

ಈ ವಿರುದ್ಧ ಓದಿನಲ್ಲಿ ಒಂದು ದೊಡ್ಡ ಅನುಕೂಲವಿದೆ. ಫೇಸ್ 360 ಡಿಗ್ರಿ ಮುಗಿದ ಮೇಲೆ ಮತ್ತೆ ಸೊನ್ನೆಯಿಂದ ಆರಂಭವಾಗುತ್ತದೆ, ಹಾಗಾಗಿ ಗುರಿ ಒಂದು ಪಟ್ಟೆಯಲ್ಲಿ ಎಷ್ಟು ಮುಂದೆ ಬಂದಿದೆ ಎಂದು ಗೊತ್ತಾದರೂ, ಯಾವ ಪಟ್ಟೆಯಲ್ಲಿದೆ ಎಂದು ಗೊತ್ತಾಗುವುದಿಲ್ಲ. ದಿಕ್ಕನ್ನು ಅಳೆಯುವವರಿಗೆ ಇದು ತಲೆನೋವು. ಆಂಟೆನಾಗಳ ಅಂತರ ಹೆಚ್ಚಿದಷ್ಟೂ ಗೊಂದಲ ಹೆಚ್ಚುತ್ತದೆ, ಅದನ್ನು ಬಿಡಿಸಲು ಬೇರೆ ಬೇರೆ ಅಂತರದ ಹಲವು ಆಂಟೆನಾಗಳು ಬೇಕಾಗುತ್ತವೆ. ವೇಗ ಅಳೆಯುವವರಿಗೆ ಈ ಗೊಂದಲ ಬಹುಮಟ್ಟಿಗೆ ಇಲ್ಲ. ಲಾರಿ ಹತ್ತನೇ ಪಟ್ಟೆಯಲ್ಲಿದೆಯೋ ಹನ್ನೊಂದನೆಯದರಲ್ಲಿದೆಯೋ ಎಂಬುದು ಮುಖ್ಯವಲ್ಲ, ಸೆಕೆಂಡಿಗೆ ಎಷ್ಟು ದಾಟಿತು ಎಂಬುದಷ್ಟೇ ಮುಖ್ಯ. ಆದ್ದರಿಂದ ಎರಡೇ ಆಂಟೆನಾಗಳನ್ನು ಬಹಳ ದೂರ ಇಟ್ಟು, ನಡುವಿನ ಜಾಗವನ್ನು ಖಾಲಿ ಬಿಟ್ಟು ಕೆಲಸ ಸಾಧಿಸಬಹುದು. ಗುರಿ ಓರೆಯಾಗಿದ್ದಾಗ ಪಟ್ಟೆಗಳು ಅಗಲವಾಗುವುದರಿಂದ ಸ್ವಲ್ಪ ತಿದ್ದುಪಡಿ ಬೇಕು, ಅದಕ್ಕೆ ಕಿರಣದ ಸ್ಥೂಲ ದಿಕ್ಕೇ ಸಾಕು.

ತೊಡಕುಗಳೂ ಇವೆ. ಲಾರಿ ತುಮಕೂರಿನತ್ತ ಹೋಗುತ್ತಿದೆಯೋ ಬೆಂಗಳೂರಿನತ್ತಲೋ ಎಂಬುದನ್ನು ಸಾಮಾನ್ಯ ಗುಣಾಕಾರ ಹೇಳುವುದಿಲ್ಲ. ಎರಡೂ ಕಡೆಗೆ 40 ಹರ್ಟ್ಸ್ ಒಂದೇ ರೀತಿ ಕಾಣುತ್ತದೆ. ಒಂದು ಸಂಕೇತವನ್ನು ಕಾಲು ಸುತ್ತಿನಷ್ಟು ಹಿಂದಕ್ಕೆ ಸರಿಸಿ ಮತ್ತೊಮ್ಮೆ ಗುಣಿಸಿದರೆ, ಎರಡು ಗುಣಲಬ್ಧಗಳಲ್ಲಿ ಯಾವುದು ಮುಂದಿದೆ ಎಂಬುದರಿಂದ ದಿಕ್ಕು ತಿಳಿಯುತ್ತದೆ. ಅಳೆಯಲು ಬೇಕಾದ ಹೊತ್ತು ಇನ್ನೊಂದು ಮಿತಿ. ಅರ್ಧ ಸೆಕೆಂಡು ನೋಡಿದರೆ ಆವೃತ್ತಿಯನ್ನು ಬಿಡಿಸಿ ನೋಡುವ ಶಕ್ತಿ 2 ಹರ್ಟ್ಸ್. ನಮ್ಮ ಉದಾಹರಣೆಯಲ್ಲಿ ಅದು ಸೆಕೆಂಡಿಗೆ 1 ಮೀಟರ್ ಅಡ್ಡ ವೇಗಕ್ಕೆ ಸಮ. ಇನ್ನೂ ಸೂಕ್ಷ್ಮವಾಗಿ ಬೇಕೆಂದರೆ ಹೆಚ್ಚು ಹೊತ್ತು ನೋಡಬೇಕು, ಇಲ್ಲವೇ ಆಂಟೆನಾಗಳನ್ನು ಇನ್ನೂ ದೂರ ಇಡಬೇಕು, ಇಲ್ಲವೇ ಇನ್ನೂ ಕಿರಿದಾದ ಅಲೆಯನ್ನು ಬಳಸಬೇಕು.

ನಿಜವಾದ ಕಷ್ಟ ಬರುವುದು ಗುರಿಗಳು ಒಂದಕ್ಕಿಂತ ಹೆಚ್ಚಿದ್ದಾಗ. ಒಂದು ಲಾರಿ, ಒಂದು ಬಸ್ಸು ಒಟ್ಟಿಗೆ ಕಾಣುತ್ತಿದ್ದರೆ ಪ್ರತಿ ಆಂಟೆನಾದಲ್ಲೂ ಎರಡರ ಪ್ರತಿಧ್ವನಿ ಬೆರೆತಿರುತ್ತದೆ. ಗುಣಿಸಿದಾಗ ಲಾರಿಯ ಅಲೆ ಲಾರಿಯದರೊಂದಿಗೆ, ಬಸ್ಸಿನದು ಬಸ್ಸಿನದರೊಂದಿಗೆ ಕೂಡಿ ಬೇಕಾದ ಎರಡು ಆವೃತ್ತಿಗಳು ಬರುತ್ತವೆ. ಜೊತೆಗೆ ಲಾರಿಯದು ಬಸ್ಸಿನದರೊಂದಿಗೆ ಕೂಡಿ ಯಾವ ವಾಹನಕ್ಕೂ ಸೇರದ ಸುಳ್ಳು ಆವೃತ್ತಿಗಳೂ ಹುಟ್ಟುತ್ತವೆ. ಇದಕ್ಕೆ ಪರಿಹಾರ ಗುಣಿಸುವ ಮೊದಲೇ ಬೇರ್ಪಡಿಸುವುದು. 150 ಮೆಗಾಹರ್ಟ್ಸ್ ಹರವಿನ ಸಂಕೇತ ಕಳಿಸಿದರೆ ದೂರದಲ್ಲಿ 1 ಮೀಟರ್ ಅಂತರವಿರುವ ಗುರಿಗಳನ್ನು ಬೇರೆ ಬೇರೆಯಾಗಿ ನೋಡಬಹುದು. ಡಾಪ್ಲರ್‌ನಿಂದ ಇನ್ನೊಮ್ಮೆ ವಿಂಗಡಿಸಬಹುದು. ಆಮೇಲೆ ಪ್ರತಿ ಪಾಲನ್ನೂ ಅದರದೇ ಜೋಡಿಯೊಂದಿಗೆ ಗುಣಿಸಬೇಕು. ಮನುಷ್ಯ ನಡೆಯುವಾಗ ಕೈಕಾಲುಗಳೇ ಬೇರೆ ಬೇರೆ ವೇಗದಲ್ಲಿರುವುದರಿಂದ ಒಂದು ಆವೃತ್ತಿಯ ಬದಲು ಹರಡಿಕೊಂಡ ಗುಂಪು ಸಿಗುತ್ತದೆ. ಆ ಹರಡಿಕೆ ತೊಂದರೆಯಷ್ಟೇ ಅಲ್ಲ, ಎದುರಿಗಿರುವುದು ಮನುಷ್ಯನೋ ವಾಹನವೋ ಎಂಬ ಸುಳಿವೂ ಹೌದು.

ಇದೇ ತತ್ವ ವಿಮಾನ ಮತ್ತು ಉಪಗ್ರಹಗಳಲ್ಲೂ ಬಳಕೆಯಲ್ಲಿದೆ. ಉಪಗ್ರಹದ ಚಿತ್ರಣ ರಾಡಾರ್ ತನ್ನ ಓಟದಿಂದ ಹುಟ್ಟುವ ಡಾಪ್ಲರ್ ಅನ್ನೇ ಆಧರಿಸಿ ಪ್ರತಿ ಬಿಂದುವನ್ನೂ ಚಿತ್ರದಲ್ಲಿ ಕೂರಿಸುತ್ತದೆ, ನೆಲದ ಮೇಲಿನ ಎಲ್ಲವೂ ನಿಂತಿದೆ ಎಂದು ಭಾವಿಸಿ. ತುಮಕೂರಿನಿಂದ ಗುಬ್ಬಿಯತ್ತ ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಓಡುವ ರೈಲು ಆ ಚಿತ್ರದಲ್ಲಿ ಹಳಿಯ ಮೇಲೆ ಕಾಣುವುದಿಲ್ಲ. ಉಪಗ್ರಹ ಉತ್ತರ-ದಕ್ಷಿಣವಾಗಿ ಹಾರುತ್ತಾ ಪಕ್ಕಕ್ಕೆ ನೋಡುತ್ತದೆ, ರೈಲು ಹೆಚ್ಚುಕಡಿಮೆ ಪಶ್ಚಿಮಕ್ಕೆ ಓಡುತ್ತದೆ. ಸುಮಾರು 900 ಕಿಲೋಮೀಟರ್ ದೂರದಿಂದ, ಸೆಕೆಂಡಿಗೆ 7.5 ಕಿಲೋಮೀಟರ್ ಓಡುವ ಉಪಗ್ರಹಕ್ಕೆ, ದೃಷ್ಟಿರೇಖೆಯಲ್ಲಿ ರೈಲಿನ ವೇಗದ ಪಾಲು ಸೆಕೆಂಡಿಗೆ 15 ಮೀಟರ್ ಇದ್ದರೆ, ಚಿತ್ರದಲ್ಲಿ ಅದು ಹಳಿಯಿಂದ ಸುಮಾರು 1.8 ಕಿಲೋಮೀಟರ್ ಉತ್ತರಕ್ಕೋ ದಕ್ಷಿಣಕ್ಕೋ ಸರಿದು ಹೊಲದ ನಡುವೆ ಕಾಣುತ್ತದೆ. ಹಾರುವ ದಿಕ್ಕಿನಲ್ಲಿ ಒಂದರ ಹಿಂದೆ ಒಂದು ಆಂಟೆನಾ ಇಟ್ಟರೆ, ಹಿಂದಿನದು ಕ್ಷಣದ ಒಂದು ಸಣ್ಣ ಪಾಲಿನ ನಂತರ ಅದೇ ಜಾಗದಿಂದ ನೋಡುತ್ತದೆ. ನಿಂತ ನೆಲದ ಫೇಸ್ ಎರಡರಲ್ಲೂ ಒಂದೇ, ಚಲಿಸುವ ರೈಲಿನದು ಮಾತ್ರ ಬೇರೆ. 1987ರಲ್ಲಿ ಗೋಲ್ಡ್‌ಸ್ಟೀನ್ ಮತ್ತು ಜೆಬ್ಕರ್ ವಿಮಾನದ ಮೇಲೆ ಹೀಗೆಯೇ ಎರಡು ಆಂಟೆನಾ ಬಳಸಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ನೀರಿನ ಹರಿವನ್ನು ಅಳೆದು ತೋರಿಸಿದರು.

ಬಹಳ ನಿಧಾನವಾಗಿ ಸರಿಯುವ ಗುರಿಗೆ ಎರಡು ನೋಟಗಳ ನಡುವಿನ ಅಂತರವನ್ನು ದಿನಗಳಿಗೆ ಹಿಗ್ಗಿಸಬೇಕು. 2021ರ ಆಗಸ್ಟ್‌ನಲ್ಲಿ ಮಳೆಗೆ ಗುಡ್ಡ ಕುಸಿದು ನಂದಿಬೆಟ್ಟದ ರಸ್ತೆ ಮುಚ್ಚಿತ್ತು. ಅಂಥ ಇಳಿಜಾರಿನ ಎದುರು ನೆಲದ ಮೇಲೆ ನಿಲ್ಲಿಸುವ ರಾಡಾರ್‌ಗಳು ಸಾಮಾನ್ಯವಾಗಿ 17 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಕೆಲಸ ಮಾಡುತ್ತವೆ. ಅಲೆ ಹೋಗಿ ಬರುವುದರಿಂದ ಇಲ್ಲಿ ಒಂದು ಪೂರ್ಣ ಸುತ್ತು ಅರ್ಧ ತರಂಗಾಂತರದ ಸರಿತಕ್ಕೆ, ಸುಮಾರು 9 ಮಿಲಿಮೀಟರಿಗೆ ಸಮ. ಫೇಸ್‌ನ ಒಂದು ಡಿಗ್ರಿ ಎಂದರೆ ಮಿಲಿಮೀಟರಿನ ನಲವತ್ತನೇ ಒಂದು ಭಾಗ. ಕುಸಿತಕ್ಕೆ ಮೊದಲು ಇಳಿಜಾರು ನಿಧಾನವಾಗಿ ಸರಿಯುತ್ತಿದ್ದರೆ ಅದನ್ನು ಗುರುತಿಸಲು ಇಷ್ಟು ಸೂಕ್ಷ್ಮತೆ ಸಾಕು. ಕಣ್ಣೋಟದ ಕಾವಲಿಗಿಂತ ಇದನ್ನು ನಂಬುವುದು ಮೇಲು ಎಂದೇ ನನ್ನ ಅಭಿಪ್ರಾಯ.

ಆಕಾಶದಿಂದಲೂ ಇದನ್ನೇ ಮಾಡಬಹುದು. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ, ಇಸ್ರೋ ಮತ್ತು ನಾಸಾ ಸೇರಿ ಕಟ್ಟಿದ ನಿಸಾರ್ ಉಪಗ್ರಹ 12 ದಿನಕ್ಕೊಮ್ಮೆ ಅದೇ ಹಾದಿಗೆ ಮರಳುತ್ತದೆ. ಅದರ ಎಲ್ ಬ್ಯಾಂಡ್ ಅಲೆ 24 ಸೆಂಟಿಮೀಟರಿನದು. ಎರಡು ನೋಟಗಳ ನಡುವೆ ನೆಲ 12 ಸೆಂಟಿಮೀಟರ್ ಸರಿದರೆ ಒಂದು ಪಟ್ಟೆ ಮೂಡುತ್ತದೆ. ಯೂರೋಪಿನ ಸೆಂಟಿನೆಲ್-1 ಉಪಗ್ರಹಗಳ 5.5 ಸೆಂಟಿಮೀಟರ್ ಅಲೆಗೆ 2.8 ಸೆಂಟಿಮೀಟರ್ ಸಾಕು, ಆದರೆ ಆ ಕಿರು ಅಲೆ ರಾಗಿ ಹೊಲದ ತೆನೆಯಿಂದಲೂ ಶ್ರೀನಿವಾಸಪುರದ ಮಾವಿನ ಎಲೆಯಿಂದಲೂ ಮರಳಿಬಿಡುತ್ತದೆ. 12 ದಿನದಲ್ಲಿ ಎಲೆಗಳು ಅಲುಗಿ, ಬೆಳೆ ಬೆಳೆದು ಫೇಸ್ ಹೋಲಿಕೆಗೆ ಸಿಗದಂತಾಗುತ್ತದೆ. ಉದ್ದನೆಯ ಅಲೆ ಎಲೆಗಳ ನಡುವೆ ನುಸುಳಿ ಕೊಂಬೆ, ನೆಲದವರೆಗೆ ಹೋಗುವುದರಿಂದ ಹೆಚ್ಚು ಕಾಲ ಹೋಲಿಕೆಗೆ ಒದಗುತ್ತದೆ. ಗಾಳಿಯಲ್ಲಿನ ತೇವಾಂಶ ಕೂಡ ಅಲೆಯನ್ನು ತಡಮಾಡಿ ನೆಲವೇ ಸರಿದಂತೆ ತೋರಿಸುತ್ತದೆ. ಹಲವು ನೋಟಗಳನ್ನು ಪೇರಿಸಿದಾಗ ಮಾತ್ರ ಆ ತಪ್ಪು ತಗ್ಗುತ್ತದೆ.

ಇಲ್ಲಿಯೂ ಹೆದ್ದಾರಿಯ ರಾಡಾರ್‌ನ ಕುರುಡು ದಿಕ್ಕು ಬೇರೊಂದು ರೂಪದಲ್ಲಿ ಎದುರಾಗುತ್ತದೆ. ಉಪಗ್ರಹ ಅಳೆಯುವುದು ದೃಷ್ಟಿರೇಖೆಯ ಸರಿತವನ್ನು ಮಾತ್ರ. ಉಪಗ್ರಹ ಉತ್ತರಕ್ಕೆ ಹಾರುವ ಏರುಹಾದಿ ಮತ್ತು ದಕ್ಷಿಣಕ್ಕೆ ಹಾರುವ ಇಳಿಹಾದಿಗಳ ನೋಟಗಳನ್ನು ಕೂಡಿಸಿದರೆ ಮೇಲೆ-ಕೆಳಗಿನ ಚಲನೆಯನ್ನೂ ಪೂರ್ವ-ಪಶ್ಚಿಮದ ಚಲನೆಯನ್ನೂ ಬೇರ್ಪಡಿಸಬಹುದು, ಉತ್ತರ-ದಕ್ಷಿಣದ ಸರಿತ ಮಾತ್ರ ಬಹುಪಾಲು ಕಾಣದೆ ಉಳಿಯುತ್ತದೆ. ಆದ್ದರಿಂದ ಯಾವುದೇ ಜಾಗದಲ್ಲಿ ಈ ತಂತ್ರ ಎಷ್ಟು ಉಪಯೋಗಕ್ಕೆ ಬರುತ್ತದೆ ಎಂಬುದು ಅಲ್ಲಿನ ನೆಲ ಯಾವ ದಿಕ್ಕಿಗೆ ಸರಿಯಬಲ್ಲದು ಎಂಬುದನ್ನು ಅವಲಂಬಿಸಿದೆ. ಕೋಲಾರದ ಚಿನ್ನದ ಗಣಿ ಪ್ರದೇಶವನ್ನು ತೆಗೆದುಕೊಂಡರೆ, 2001ರಲ್ಲಿ ಮುಚ್ಚುವ ಹೊತ್ತಿಗೆ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಚಿನ್ನದ ಪಟ್ಟಿಗಳು ಉತ್ತರ-ದಕ್ಷಿಣವಾಗಿ ಹಬ್ಬಿ ಪಶ್ಚಿಮಕ್ಕೆ ಓರೆಯಾಗಿ ಇಳಿಯುತ್ತವೆ. ಅಗೆದು ಖಾಲಿಯಾದ ಅಂಥ ಪೊಟರೆಗಳು ಮುಚ್ಚಿಕೊಂಡರೆ ಅವುಗಳ ಗೋಡೆಗಳು ಒತ್ತಿಬರುವುದು ಹೆಚ್ಚಾಗಿ ಕೆಳಮುಖವಾಗಿ ಮತ್ತು ಪೂರ್ವ-ಪಶ್ಚಿಮವಾಗಿ, ಅಂದರೆ ಉಪಗ್ರಹ ಚೆನ್ನಾಗಿ ನೋಡಬಲ್ಲ ದಿಕ್ಕುಗಳಲ್ಲೇ. ಆಳದ ಸರಿತ ಮೇಲಕ್ಕೆ ಬರುವಷ್ಟರಲ್ಲಿ ಹರಡಿ ತೆಳುವಾಗುತ್ತದೆ, ಹಾಗಾಗಿ ವರ್ಷಗಟ್ಟಲೆ ನೋಟಗಳು ಬೇಕು. ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ರಾಶಿಗಳಾದ, ಮಳೆಗೆ ಕೊರೆಯುವ, ಗಾಳಿಗೆ ದೂಳು ಹಾರುವ ಸೈನೈಡ್ ಗುಡ್ಡಗಳ ಮೈ ಹೋಲಿಕೆಗೆ ಒದಗುವುದು ಕಷ್ಟ. ಅವುಗಳ ಸುತ್ತಲಿನ ಕಾಲೊನಿಗಳ ಮನೆಗಳು, ಬಂಡೆಗಳು, ರೈಲು ಹಳಿಯ ಪಕ್ಕದ ಕಂಬಗಳು ಇವೇ ಅಲ್ಲಿ ನಂಬಬಹುದಾದ ಬಿಂದುಗಳು. ನಿಸಾರ್‌ನ ದತ್ತಾಂಶ ಎಲ್ಲರಿಗೂ ಉಚಿತವಾಗಿ ಸಿಗುವಂಥದ್ದು, ಅಂಥ ಬಿಂದುಗಳನ್ನು ಆರಿಸಿ 12 ದಿನಕ್ಕೊಮ್ಮೆ ಅವುಗಳ ಫೇಸ್ ಓದುವ ಕೆಲಸವನ್ನು ಕೋಲಾರದ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳೇ ಆರಂಭಿಸಬಹುದು.